ಹಿಂದೆ ಕೂರುವವರ ಮಂಡಿ

ಮೂವತ್ತಮೂರು ವರ್ಷ ಬಸ್ಸು ಓಡಿಸಿದವನಿಗೆ ಎರಡು ಚಕ್ರದ ಗಾಡಿ ಯಾವ ಲೆಕ್ಕ ಎಂದು ನನಗೊಂದು ಜಂಬವಿತ್ತು. ಈಗಿಲ್ಲ. ಅದು ಹೋದ ಬಗೆಯನ್ನು ಹೇಳುತ್ತೇನೆ. ನಗುವವರು ನಗಬಹುದು, ನನ್ನ ಹೆಂಡತಿಯೇ ನಕ್ಕಿದ್ದಾಳೆ.

ಡಿಪೋದಲ್ಲಿ ನನ್ನ ಅಡ್ಡಹೆಸರು 'ಮೆತ್ತಗೆ'. ನಾನು ಬ್ರೇಕು ಹಾಕಿದರೆ ನಿಂತ ಪ್ರಯಾಣಿಕರು ಕಂಬ ಹಿಡಿದುಕೊಳ್ಳಬೇಕಾಗಿರಲಿಲ್ಲ, ಅದಕ್ಕೆ. ನಿವೃತ್ತಿಯ ದಿನ ಎಲ್ಲರೂ ಸೇರಿ ಒಂದು ಗೋಡೆ ಗಡಿಯಾರ ಕೊಟ್ಟರು. ಇನ್ನು ಮೇಲೆ ಹೊತ್ತು ನೋಡುವ ಅಗತ್ಯವೇ ಇಲ್ಲದವನಿಗೆ ಗಡಿಯಾರ ಕೊಡುವ ಬುದ್ಧಿ ಯಾವ ಮಹಾಶಯನಿಗೆ ಬಂತೋ ಕಾಣೆ. ತಂದು ಮೊಳೆ ಹೊಡೆದು ನೇತುಹಾಕಿದೆ. ಆಮೇಲೆ ಮೂರು ವಾರ ಅದರ ಕೆಳಗೇ ಕೂತಿದ್ದೆ. ಕೆಲಸ ಇದ್ದಷ್ಟು ದಿನ ಮೈಗೆ ದಣಿವೆಂದರೇನೆಂದು ಗೊತ್ತಿರಲಿಲ್ಲ. ಕೆಲಸ ಬಿಟ್ಟ ಮೇಲೆ ಒಂದೊಂದು ಕೀಲೂ ತನ್ನ ದೂರು ಹೇಳತೊಡಗಿತು. ಎದ್ದರೆ ಸುಸ್ತು, ಕೂತರೆ ಸುಸ್ತು.

ನನ್ನ ಹೆಂಡತಿ ಆಸ್ಪತ್ರೆಯಲ್ಲಿ ಆಯಾ. ಇಪ್ಪತ್ತೇಳು ವರ್ಷದಿಂದ ರಾತ್ರಿ ಪಾಳಿ. ಮಕ್ಕಳು ಚಿಕ್ಕವರಿದ್ದಾಗ ಯಾರಾದರೂ ಒಬ್ಬರು ಮನೆಯಲ್ಲಿರಬೇಕಲ್ಲ ಎಂದು ಹಾಗೆ ಹಂಚಿಕೊಂಡೆವು. ಮಕ್ಕಳು ಬೆಳೆದು ಅವರವರ ದಾರಿ ಹಿಡಿದರು, ಹಂಚಿಕೆ ಮಾತ್ರ ಹಾಗೇ ಉಳಿಯಿತು. ಬೆಳಿಗ್ಗೆ ಎಂಟೂವರೆಗೆ ಅವಳು ಬರುತ್ತಿದ್ದಳು, ನಾನು ಹೊರಡುತ್ತಿದ್ದೆ. ಸಂಜೆ ಏಳಕ್ಕೆ ನಾನು ಬರುತ್ತಿದ್ದೆ, ಅವಳು ಹೊರಡುತ್ತಿದ್ದಳು. ನಮ್ಮ ಸಂಸಾರ ನಡೆದದ್ದೆಲ್ಲ ಹೊಸ್ತಿಲ ಮೇಲೆ. ಅವಳು ಚಪ್ಪಲಿ ಬಿಡುತ್ತ, ನಾನು ಶೂ ಲೇಸು ಕಟ್ಟುತ್ತ, ಬೀಗದ ಕೈ ನನ್ನಿಂದ ಅವಳಿಗೆ ದಾಟುವಷ್ಟರಲ್ಲಿ ಮನೆಯ ಸಕಲ ವ್ಯವಹಾರವೂ ತೀರ್ಮಾನವಾಗಬೇಕು. ಮಗಳನ್ನು ಯಾವ ಶಾಲೆಗೆ ಹಾಕುವುದು, ಮನೆ ಬದಲಿಸುವುದೋ ಬೇಡವೋ, ಹಾಸಿಗೆ ಹಿಡಿದ ನಮ್ಮಮ್ಮನನ್ನು ಇಲ್ಲಿಗೇ ಕರೆತರುವುದೋ ತಮ್ಮನ ಮನೆಯಲ್ಲೇ ಬಿಡುವುದೋ. ನಾನು ಕೇಳುತ್ತಿದ್ದೆ, ಅವಳು 'ಹೂಂ' ಎನ್ನುತ್ತಿದ್ದಳು. ಬೇಗ ಮುಗಿಯುತ್ತಿತ್ತು. ಜಗಳವೇ ಆಡದ ಜೋಡಿ ಎಂದು ಓಣಿಯಲ್ಲಿ ನಮಗೆ ಒಳ್ಳೆಯ ಹೆಸರಿದೆ.

ಆ ಮೋಟಾರ್ ಸೈಕಲ್ಲನ್ನು ನಾನು ಎರಡು ವರ್ಷದಿಂದ ಬಸ್ಸಿನ ಗಾಜಿನ ಮೂಲಕ ನೋಡುತ್ತಿದ್ದೆ. ನನ್ನ ದಾರಿಯಲ್ಲೊಂದು ಗ್ಯಾರೇಜು. ಹಳೆಯ ದೊಡ್ಡ ಬೈಕುಗಳನ್ನು ರಿಪೇರಿ ಮಾಡಿ ಮಾರುವ ಜಾಗ. ಅದರ ಅಂಗಳದಲ್ಲಿ ಅದು ನಿಂತಿರುತ್ತಿತ್ತು. ಮುಂದೆ ಬಸ್ಸಿನದರಂತೆ ಅಗಲವಾದ ಗಾಜು, ಎರಡು ಪಕ್ಕದಲ್ಲಿ ಸಾಮಾನಿನ ಪೆಟ್ಟಿಗೆ, ಹಿಂದಿನ ಸೀಟಿಗೆ ಬೆನ್ನು ಒರಗಿಸಲು, ಕೈ ಇಡಲು ಮೆತ್ತೆ. ಅದನ್ನು ಬೈಕು ಎನ್ನುವುದಕ್ಕಿಂತ ಇಬ್ಬರು ಕೂರುವ ಸೋಫಾ ಎನ್ನಬಹುದಿತ್ತು. ಸಿಗ್ನಲ್ಲು ಕೆಂಪಾದಾಗಲೆಲ್ಲ ಅದರ ಹಿಂದಿನ ಸೀಟಿನಲ್ಲಿ ನನ್ನ ಹೆಂಡತಿಯನ್ನು ಕೂರಿಸಿ ನೋಡುತ್ತಿದ್ದೆ. ಹೊಸ್ತಿಲ ಮೇಲೆ ಕಳೆದ ಇಪ್ಪತ್ತೇಳು ವರ್ಷವನ್ನು ಇದರ ಮೇಲೆ ಕೂತು ವಸೂಲಿ ಮಾಡಬಹುದು ಎನಿಸುತ್ತಿತ್ತು. ಅದನ್ನು ಕೊಂಡರೆ ನಾವಿಬ್ಬರೂ ಗಂಡ ಹೆಂಡತಿಯಾಗುತ್ತೇವೆ, ಕೊಳ್ಳದಿದ್ದರೆ ಹೀಗೇ ಬೀಗದ ಕೈ ಬದಲಿಸಿಕೊಂಡೇ ಮುದುಕರಾಗುತ್ತೇವೆ ಎಂದು ಒಂದು ಹುಳ ತಲೆಗೆ ಹೊಕ್ಕಿತು.

ಒಂದು ಬುಧವಾರ ಬೆಳಿಗ್ಗೆ, ಅವಳು ಪಾಳಿ ಮುಗಿಸಿ ಬಂದು ಚಪ್ಪಲಿ ಬಿಡುವಾಗ ಕೇಳಿದೆ.

"ಲೇ, ಒಂದು ದೊಡ್ಡ ಬೈಕ್ ತಗೊಳ್ಳೋಣ ಅಂತಿದೀನಿ. ನೀನು ರಜೆ ಹಾಕು, ಇಬ್ರೂ ಒಂದೆರಡು ತಿಂಗಳು ಊರೂರು ಸುತ್ತಿ ಬರೋಣ. ಆಗಬಹುದಾ?"

"ಹೂಂ" ಎಂದಳು.

ಅಷ್ಟು ಸಾಕಾಯಿತು ನನಗೆ. ಅವತ್ತೇ ಹೋಗಿ ಎರಡು ಹೆಲ್ಮೆಟ್ಟು ತಂದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅನ್ನುತ್ತಾರಲ್ಲ, ನಾನು ಎರಡು ಹೊಲಿಸಿದೆ.

ಗ್ಯಾರೇಜಿನ ಒಡತಿ ನಲವತ್ತು ದಾಟಿದ ಹೆಂಗಸು. ಎಲ್ಲರೂ ಅವಳನ್ನು ಸ್ಪ್ಯಾನರಕ್ಕ ಎನ್ನುತ್ತಾರೆ. ಕೈಯೆಲ್ಲ ಗ್ರೀಸು, ಕಿವಿಯ ಮೇಲೆ ಪೆನ್ಸಿಲು. ಮಾರುವವರ ಬಾಯಲ್ಲಿ ಸಾಮಾನ್ಯವಾಗಿ ಬೆಲ್ಲವಿರುತ್ತದೆ. ಇವಳ ಬಾಯಲ್ಲಿ ಪ್ರಶ್ನೆಗಳೇ. ಹಳೆಯ ಕ್ಯಾಲೆಂಡರಿನ ಹಾಳೆ ತಿರುಗಿಸಿ ಬರೆದುಕೊಳ್ಳಲು ಶುರುಮಾಡಿದಳು.

"ಅಣ್ಣಾ, ವಾರಕ್ಕೆ ಎಷ್ಟು ದೂರ ಓಡಿಸ್ತೀರಾ?"

"ಓಡಿಸೋದೇನು, ಊರೂರು ಸುತ್ತೋದೇ."

"ಸುತ್ತೋದು ಎರಡು ತಿಂಗಳು. ಉಳಿದ ಹತ್ತು ತಿಂಗಳು?"

ಉಳಿದ ಹತ್ತು ತಿಂಗಳ ಬಗ್ಗೆ ನಾನು ಯೋಚಿಸಿರಲಿಲ್ಲ. "ತರಕಾರಿ ಗಿರಕಾರಿ" ಎಂದೆ.

"ಸೊಪ್ಪು ತರೋಕೆ ಮುನ್ನೂರ ನಲವತ್ತು ಕೆಜಿ ಗಾಡಿ" ಎಂದು ಬರೆದುಕೊಂಡಳು. "ರಾತ್ರಿ ಎಲ್ಲಿ ನಿಲ್ಲಿಸ್ತೀರಾ?"

ನಮ್ಮ ಗೇಟು ಅದರ ಹ್ಯಾಂಡಲ್ಲಿಗಿಂತ ಒಂದು ಗೇಣು ಕಿರಿದು. ಅಳೆದಿದ್ದೆ. "ಗೇಟು ಒಡೆಸ್ತೀನಿ" ಎಂದೆ.

"ಸಂದೀಲಿ ತಿರುಗಿಸೋಕೆ ಆಗುತ್ತಾ?"

"ಹನ್ನೆರಡು ಮೀಟರ್ ಬಸ್ಸು ತಿರುಗಿಸಿದೀನಮ್ಮಾ ನಾನು."

"ಬಸ್ಸು ನಿಂತಾಗ ತಾನೇ ನಿಂತಿರುತ್ತೆ ಅಣ್ಣಾ. ಇದನ್ನ ನಿಲ್ಲಿಸಿಕೊಂಡಿರೋದು ನಿಮ್ಮ ಕಾಲು." ನನ್ನ ಕಾಲನ್ನು ಒಂದು ಸಲ ನೋಡಿ ಅದನ್ನೂ ಬರೆದುಕೊಂಡಳು. "ಹಿಂದೆ ಯಾರು ಕೂರೋದು?"

"ನನ್ನ ಹೆಂಡ್ತಿ."

"ಅವರ ಮಂಡಿ ಹೇಗಿದೆ? ದಿನಕ್ಕೆ ಆರು ಗಂಟೆ ಮಡಚಿಕೊಂಡು ಕೂರಬೇಕು."

"ಚೆನ್ನಾಗಿದೆ."

"ಸೊಂಟ?"

"ಚೆನ್ನಾಗಿದೆ."

"ಅವರಿಗೆ ಹೋಗೋಕೆ ಇಷ್ಟ ಇದ್ಯಾ?"

"ಹೂಂ ಅಂದಿದಾಳೆ" ಎಂದೆ. ಇದೊಂದು ಮಾತ್ರ ನನಗೆ ಗೊತ್ತಿದ್ದ ಉತ್ತರ. ಅವಳ ಮಂಡಿ ಹೇಗಿದೆಯೋ, ಸೊಂಟ ಹೇಗಿದೆಯೋ, ದೇವರಾಣೆ ನನಗೆ ಗೊತ್ತಿರಲಿಲ್ಲ. ಆದರೂ ಚೆನ್ನಾಗಿದೆ, ಚೆನ್ನಾಗಿದೆ ಎಂದು ಬರೆಸಿಬಿಟ್ಟೆ.

ಸ್ಪ್ಯಾನರಕ್ಕನ ಗ್ಯಾರೇಜಿನಲ್ಲಿ ಒಂದು ಕಟ್ಟಳೆಯಿದೆ. ದೊಡ್ಡ ಗಾಡಿ ಕೊಳ್ಳುವವರು ಮೊದಲು ಅದನ್ನು ಬೀಳಿಸಿ ಎತ್ತಬೇಕು. ಅಂಗಳದಲ್ಲಿ ಹಳೆಯ ಹಾಸಿಗೆ ಹಾಸಿ, ಗಾಡಿಯನ್ನು ಅದರ ಮೇಲೆ ಮಲಗಿಸಿ, ಪಕ್ಕಕ್ಕೆ ಸರಿದು ನಿಲ್ಲುತ್ತಾಳೆ. ಯಾರೂ ಕೈ ಹಾಕುವಂತಿಲ್ಲ. ಒಬ್ಬರೇ ಎತ್ತಿದರೆ ಮಾರುತ್ತಾಳೆ, ಇಲ್ಲವಾದರೆ ಇಲ್ಲ. ಹೀಗೆ ಮಾಡಿ ಎಷ್ಟೋ ಗಿರಾಕಿಗಳನ್ನು ಕಳೆದುಕೊಂಡಿದ್ದಾಳಂತೆ. "ರೋಡಲ್ಲಿ ಬಿದ್ದಾಗ ನಾನು ಬಂದು ಎತ್ತೋಕಾಗುತ್ತಾ?" ಎನ್ನುತ್ತಾಳೆ. ಎರಡು ದಿನ ಸಣ್ಣ ಗಾಡಿಯಲ್ಲಿ, ಒಂದು ದಿನ ದೊಡ್ಡದರಲ್ಲಿ ನನ್ನನ್ನು ಓಡಿಸಿ ನೋಡಿದಳು. ಮದುವೆಗೆ ಮುಂಚೆ ನನ್ನ ಹತ್ತಿರ ಬೈಕಿತ್ತು, ಲೈಸೆನ್ಸೂ ಇದೆ. ಒಬ್ಬನೇ ಇದ್ದಾಗ ತಪ್ಪೇನೂ ಆಗಲಿಲ್ಲ. "ಭಾನುವಾರ ಅಕ್ಕನ್ನ ಕರ್ಕೊಂಡು ಬನ್ನಿ. ಅವತ್ತೇ ಎತ್ತೋದೂ ಆಗ್ಲಿ" ಎಂದಳು.

ಭಾನುವಾರ ಹೆಂಡತಿ ಪಾಳಿ ಮುಗಿಸಿ ನೇರವಾಗಿ ಗ್ಯಾರೇಜಿಗೇ ಬಂದಳು. ಕಣ್ಣು ಕೆಂಪಾಗಿತ್ತು, ಹೆಗಲಲ್ಲಿ ಆಸ್ಪತ್ರೆಯ ಚೀಲ. ಹೊಸ ಹೆಲ್ಮೆಟ್ಟು ಕೊಟ್ಟೆ, ಹಾಕಿಕೊಂಡಳು. ಹತ್ತು ಎಂದೆ, ಹತ್ತಿದಳು. ಬೆನ್ನ ಹಿಂದೆ ಅವಳು ಕೂತ ಭಾರ ಗೊತ್ತಾದಾಗ ಎದೆ ತುಂಬಿ ಬಂತು. ಸುಳ್ಳೇಕೆ ಹೇಳಲಿ, ಕಣ್ಣೂ ತುಂಬಿತು. ಅಂಗಳದಿಂದ ಹೊರಟು, ದೊಡ್ಡ ರಸ್ತೆಯಲ್ಲಿ ಒಂದು ಸುತ್ತು ಹಾಕಿದೆ. ಗಾಡಿ ಬೆಣ್ಣೆಯಂತೆ ಹೋಯಿತು. "ಹೇಗಿದೆ?" ಎಂದು ಕೂಗಿದೆ. ಉತ್ತರ ಬರಲಿಲ್ಲ. ಗಾಳಿಗೆ ಕೇಳಿಸಿರಲಾರದು ಎಂದುಕೊಂಡೆ. ಆಮೇಲೆ ಗೊತ್ತಾಯಿತು, ಅವಳಿಗೆ ನಿದ್ದೆ ಹತ್ತಿತ್ತು.

ವಾಪಸು ಬಂದು ಗ್ಯಾರೇಜಿನ ಗೇಟಿನೊಳಗೆ ಬಲಕ್ಕೆ ತಿರುಗಿಸಿ ನಿಲ್ಲಿಸಿದೆ. ಮೆತ್ತಗೆ ನಿಲ್ಲಿಸಿದೆ, ಹೆಸರಿಗೆ ತಕ್ಕ ಹಾಗೆ. ಹಿಂದೆ ಪ್ರಯಾಣಿಕರಿದ್ದಾರೆ, ಗಾಡಿ ನಿಂತಿದೆ. ಮೂವತ್ತಮೂರು ವರ್ಷ ಅಂಥ ಹೊತ್ತಿನಲ್ಲಿ ಏನು ಮಾಡುತ್ತಿದ್ದೆನೋ ಅದನ್ನೇ ಮಾಡಿದೆ. ಬಲಗಾಲು ಬ್ರೇಕಿನ ಮೇಲೆ, ಎಡಗಾಲು ಅದರ ಪಾಡಿಗೆ ಅದು, ಕಣ್ಣು ಎಡಗಡೆಯ ಕನ್ನಡಿಯಲ್ಲಿ. ಇಳಿಯುವವರೆಲ್ಲ ಇಳಿದರೇ ಎಂದು ನೋಡುತ್ತ ಕೂತೆ. ನೆಲಕ್ಕೆ ಕಾಲು ಕೊಡಬೇಕೆಂಬುದು ನೆನಪಾಗುವಷ್ಟರಲ್ಲಿ ಗಾಡಿ ಬಲಕ್ಕೆ ವಾಲಿತ್ತು. ಮುನ್ನೂರ ನಲವತ್ತು ಕೆಜಿಯನ್ನು ಅರವತ್ತರ ಮಂಡಿ ತಡೆಯುವುದುಂಟೇ? ಅವಸರವಿಲ್ಲದೆ, ನಿಧಾನವಾಗಿ, ಅದು ಮಲಗಿತು. ಎಂಜಿನ್ ಕಾಯುವ ಪಕ್ಕದ ಕಬ್ಬಿಣದ ಬಳೆ ನೆಲಕ್ಕೆ ತಾಗಿ ನನ್ನ ಕಾಲು ಉಳಿಯಿತು. ಎಚ್ಚೆತ್ತ ಹೆಂಡತಿ, ನಿಂತ ಬಸ್ಸಿನಿಂದ ಇಳಿದ ಹಾಗೆ ಒಂದು ಹೆಜ್ಜೆ ಇಟ್ಟು ಇಳಿದಳು. ನಾನು ಮಾತ್ರ ಕೈಕಾಲು ಚಾಚಿ ಅಂಗಳದಲ್ಲಿ ಬಿದ್ದಿದ್ದೆ.

ಸ್ಪ್ಯಾನರಕ್ಕ ಓಡಿ ಬಂದು ಇಬ್ಬರಿಗೂ ಏನೂ ಆಗಿಲ್ಲವೆಂದು ನೋಡಿಕೊಂಡಳು. ಕೀಲಿ ತಿರುಗಿಸಿ ಎಂಜಿನ್ ಆರಿಸಿದಳು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಹಾಸಿಗೆ ಹಾಸೋ ಕೆಲಸ ಉಳೀತು. ಎತ್ತಿ ಅಣ್ಣಾ."

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿ ನಾನು. ಎದ್ದು ಮೈ ಕೊಡವಿ, ಹ್ಯಾಂಡಲ್ಲನ್ನು ಎರಡೂ ಕೈಯಲ್ಲಿ ಹಿಡಿದು, ಉಸಿರು ಕಟ್ಟಿ ಎಳೆದೆ. ಗಾಡಿ ಒಂದು ಗೇಣು ಎದ್ದು ಮತ್ತೆ ಕೂತಿತು. ಮತ್ತೆ ಎಳೆದೆ. ಮೂರನೆಯ ಸಲ ನನ್ನ ಸೊಂಟದೊಳಗೆ ಏನೋ ಕಳಕ್ ಎಂದಿತು. ಅರ್ಧ ಬಗ್ಗಿದವನು ಬಗ್ಗಿದ ಹಾಗೇ ನಿಂತೆ. ಮುಖ ಬೆವರಿಗೋ ನಾಚಿಕೆಗೋ ಉರಿಯುತ್ತಿತ್ತು.

"ಬಿಡಿ, ಬಿಡಿ. ಪಕ್ಕಕ್ಕೆ ಬನ್ನಿ" ಎಂದಳು ಹೆಂಡತಿ. ಅದು ನಾನು ಮನೆಯಲ್ಲಿ ಕೇಳಿದ ದನಿಯಲ್ಲ. ವಾರ್ಡಿನ ದನಿ ಇರಬೇಕು.

ಚೀಲವನ್ನು ಗೋಡೆಯ ಪಕ್ಕ ಇಟ್ಟಳು. ಗಾಡಿಯ ಸುತ್ತ ಒಂದು ಸುತ್ತು ಬಂದಳು. "ಆ ಕಡೆ ಸ್ಟ್ಯಾಂಡ್ ಇದ್ಯಲ್ಲ, ಮೊದ್ಲೇ ಬಿಡಿಸಿಡಮ್ಮಾ. ಚಕ್ರ ಉರುಳದ ಹಾಗೆ ಗೇರೂ ಹಾಕು. ಮಂಚದ ಚಕ್ರಕ್ಕೆ ಲಾಕ್ ಹಾಕದೆ ನಾವು ಪೇಷೆಂಟನ್ನ ಎತ್ತಲ್ಲ" ಎಂದಳು. ಸ್ಪ್ಯಾನರಕ್ಕ ಮರುಮಾತಾಡದೆ ಎರಡನ್ನೂ ಮಾಡಿದಳು. ಹೆಂಡತಿ ಗಾಡಿಗೆ ಬೆನ್ನು ಮಾಡಿ ತಗ್ಗಿ ಕೂತಳು. ಸೀಟಿನ ಅಂಚಿಗೆ ಸೊಂಟ ಒತ್ತಿ, ಒಂದು ಕೈಯಲ್ಲಿ ಹ್ಯಾಂಡಲ್ಲು, ಇನ್ನೊಂದರಲ್ಲಿ ಹಿಂದಿನ ಕಂಬಿ ಹಿಡಿದಳು. ಬೆನ್ನು ನೇರ. ನಂತರ ಕೈಯಿಂದ ಎಳೆಯಲಿಲ್ಲ, ತೊಡೆಯಿಂದ ಎದ್ದಳು. ಸಣ್ಣ ಸಣ್ಣ ಹೆಜ್ಜೆ ಹಿಂದಕ್ಕಿಡುತ್ತ, "ಬನ್ನಿ, ಬನ್ನಿ, ಆಯ್ತು, ಇನ್ನೊಂಚೂರು" ಎಂದು ಗೊಣಗಿದಳು. ಗಾಡಿಗೆ ಹೇಳುತ್ತಿದ್ದಳು. ಅದು ಎದ್ದು ಸ್ಟ್ಯಾಂಡಿನ ಮೇಲೆ ನಿಂತಿತು.

ಸ್ಪ್ಯಾನರಕ್ಕ ಕಿವಿಯ ಮೇಲಿನ ಪೆನ್ಸಿಲು ತೆಗೆದು ನನ್ನ ಹಾಳೆಯ ಮೇಲೆ ಅಡ್ಡಗೆರೆ ಎಳೆದಳು. "ಅಣ್ಣಾ, ಗಾಡಿ ನಿಮಗಾಗಲ್ಲ. ಅಕ್ಕನಿಗಾದ್ರೆ ಕಣ್ಮುಚ್ಚಿ ಕೊಡ್ತೀನಿ."

ಆಗ ಹೆಂಡತಿ ನಕ್ಕಳು. ನಗುತ್ತ ನಗುತ್ತಲೇ ಗೋಡೆಯ ಪಕ್ಕದ ಬೆಂಚಿನ ಮೇಲೆ ಕುಸಿದು ಕೂತಳು. ಎಡಮಂಡಿಯನ್ನು ಹಿಡಿದುಕೊಂಡು ಕಣ್ಣು ಮುಚ್ಚಿದಳು. ಸ್ಪ್ಯಾನರಕ್ಕ ಟೀ ತರುತ್ತೇನೆಂದು ಒಳಗೆ ಹೋದಳು. ಬುದ್ಧಿವಂತೆ.

ನಾನು ಸೊಂಟ ಹಿಡಿದುಕೊಂಡು ಪಕ್ಕದಲ್ಲಿ ಕೂತೆ. ಸಮಾಧಾನ ಹೇಳಬೇಕಾದ ಹೊತ್ತಿನಲ್ಲಿ ನನಗೆ ಸಿಟ್ಟು ಬಂತು. ಅವಮಾನವಾದರೆ ನನಗೆ ಯಾವಾಗಲೂ ಸಿಟ್ಟೇ ಬರುವುದು.

"ನಿನಗೋಸ್ಕರ ತಾನೇ ನಾನು ಇಷ್ಟೆಲ್ಲ ಒದ್ದಾಡ್ತಿರೋದು?"

"ನನ್ನ ಹೆಸರು ಹೇಳ್ಬೇಡಿ. ನಾನು ಯಾವಾಗ ಬೈಕು ಬೇಕು ಅಂದೆ?"

"ನೀನೇ ಹೂಂ ಅಂದ್ಯಲ್ಲ!"

"ಯಾವಾಗ?"

"ಹೋದ ವಾರದ ಹಿಂದಿನ ಬುಧವಾರ. ಬಾಗಿಲಲ್ಲಿ."

ಅವಳು ಲೆಕ್ಕ ಹಾಕಿದಳು. "ಅವತ್ತು ಏಳನೇ ಬೆಡ್ಡಿನ ಅಜ್ಜ ಹೋಗಿದ್ರು. ನಾನೇ ಮೈ ಒರೆಸಿ ಕಳಿಸಿಕೊಟ್ಟು ಬಂದಿದ್ದೆ. ನೀವೇನು ಕೇಳಿದ್ರೋ ನಂಗೊತ್ತಿಲ್ಲ. ಮನೆಗೆ ಬೆಂಕಿ ಹಚ್ಚೋಣ್ವಾ ಅಂದಿದ್ರೂ ಹೂಂ ಅಂತಿದ್ದೆ."

ಮಗಳ ಶಾಲೆ, ಮನೆ, ಎಲ್ಲ ಒಂದೊಂದಾಗಿ ತಲೆಯಲ್ಲಿ ಸುಳಿದವು. ಯಾವುದು ಅವಳು ಎಚ್ಚರವಿದ್ದು ಹೇಳಿದ್ದು, ಯಾವುದು ನಿದ್ದೆಗಣ್ಣಲ್ಲಿ? ಕೇಳುವ ಧೈರ್ಯವಾಗಲಿಲ್ಲ. ಅವಳೇ ಮಾತು ಮುಂದುವರಿಸಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೆ ಬೇಕಾದ ಶಕ್ತಿಯೇ ಉಳಿದಿರಲಿಲ್ಲ.

"ವಾರ್ಡಲ್ಲಿ ಎತ್ತಿದೆ. ಹಗಲಲ್ಲಿ ಮನೇಲಿ ನಿಮ್ಮಮ್ಮನ್ನ ಎತ್ತಿದೆ, ಒಂಬತ್ತು ವರ್ಷ. ಬೇಜಾರಿಲ್ಲ, ಒಳ್ಳೆಯವರು. ಆದ್ರೆ ಈಗ ಊರು ನೋಡೋಕೆ ಹೋದ ಕಡೇನೂ ನಾನೇ ಎತ್ತಬೇಕಾ? ನೀವು ಬಿದ್ರೆ ನಿಮ್ಮನ್ನ, ಗಾಡಿ ಬಿದ್ರೆ ಗಾಡೀನ?"

ಎದುರಿಗೆ ಆ ಸೋಫಾ ಗಾಡಿ ಬಿಸಿಲಿಗೆ ಮಿನುಗುತ್ತ ನಿಂತಿತ್ತು. ಎರಡು ವರ್ಷ ಅದರ ಹಿಂದಿನ ಸೀಟಿನಲ್ಲಿ ಅವಳನ್ನು ಕೂರಿಸಿ ನೋಡಿದ್ದೆ ಎಂದೆನಲ್ಲ. ಅಷ್ಟು ದಿನದಲ್ಲಿ ಒಮ್ಮೆಯೂ ಅವಳ ಮುಖ ಹೇಗಿದೆ ಎಂದು ನೋಡಿರಲಿಲ್ಲ. ನೋಡುತ್ತಿದ್ದದ್ದು ಹ್ಯಾಂಡಲ್ಲು ಹಿಡಿದ ನನ್ನನ್ನೇ.

"ನಂಗೇ ಬೇಕಾಗಿತ್ತು ಕಣೇ" ಎಂದೆ. "ಸುಮ್ನೆ ಕೂತು ಕೂತು ಹುಚ್ಚು ಹಿಡಿದ ಹಾಗಾಗಿದೆ. ನಿನ್ನ ಹೆಸರು ಹೇಳ್ಕೊಂಡೆ ಅಷ್ಟೆ."

"ಅದು ನಿಜ" ಎಂದಳು. ಮಂಡಿ ನೀವಿಕೊಳ್ಳುತ್ತ, "ನಿಮ್ಮ ರಿಟೈರ್ಮೆಂಟ್ ಆಯ್ತು. ನನಗಿನ್ನೂ ಹತ್ತೊಂಬತ್ತು ತಿಂಗಳಿದೆ. ಮರೆತೇಬಿಟ್ರಾ?" ಎಂದಳು.

ಮರೆತಿರಲಿಲ್ಲ. ಆದರೆ ನನ್ನ ಕೆಲಸ ಮುಗಿದ ದಿನ ಊರಿನ ಕೆಲಸವೆಲ್ಲ ಮುಗಿಯಿತೆಂಬಂತೆ ನಡೆದುಕೊಂಡಿದ್ದೆ.

"ಸರಿ, ಈಗ ಎಚ್ಚರ ಇದೀಯಲ್ಲ. ಹೇಳು, ನಿಂಗೇನು ಬೇಕು?"

ಮಾತಿಲ್ಲದಿದ್ದರೆ ಒಪ್ಪಿಗೆ ಎಂದುಕೊಳ್ಳುವುದು ನನ್ನ ಅಭ್ಯಾಸ; ಈ ಸಲ ಕಾದೆ. ಟೀ ಬಂತು, ಕುಡಿದದ್ದೂ ಆಯಿತು.

"ಬೆಳಿಗ್ಗೆ ಆಸ್ಪತ್ರೆ ಗೇಟಿಗೆ ಬನ್ನಿ" ಎಂದಳು. "ಮಿಕ್ಕವರಿಗೆಲ್ಲ ಯಾರಾದ್ರೂ ಬರ್ತಾರೆ. ಮಗನೋ, ಗಂಡನೋ, ತಮ್ಮನೋ."

"ಸಣ್ಣ ಸ್ಕೂಟರ್ ಒಂದು ನೋಡ್ಲಾ, ಹಾಗಾದ್ರೆ?"

"ಗಾಡಿ ಮಾತು ಬಿಡಿ. ನಾಲ್ಕು ಸ್ಟಾಪ್ ದೂರ. ನೀವು ಬನ್ನಿ, ಸಾಕು."

ನನ್ನ ಊರೂರು ತಿರುಗಾಟ ನಾಲ್ಕು ಸ್ಟಾಪಿಗೆ ಬಂದು ನಿಂತಿತು. ಹೆಲ್ಮೆಟ್ಟುಗಳನ್ನು ಸ್ಪ್ಯಾನರಕ್ಕನಿಗೇ ಕೊಟ್ಟೆ. ಅವಳು ನನ್ನ ಹೆಸರಿನ ಹಾಳೆಯನ್ನು ಮಡಚಿ ಕೈ ಒರೆಸಿಕೊಂಡಳು.

ಮರುದಿನ ಬೆಳಿಗ್ಗೆ ಏಳೂವರೆಗೇ ಹೋಗಿ ಆಸ್ಪತ್ರೆಯ ಗೇಟಿನ ಎದುರು ನಿಂತೆ. ಸೊಂಟ ಇನ್ನೂ ನೋಯುತ್ತಿತ್ತು. ನನ್ನ ಹಾಗೇ ಕಾಯುವವರು ಹತ್ತಾರು ಜನರಿದ್ದರು. ಅವರಿಗೆಲ್ಲ ಪರಸ್ಪರ ಪರಿಚಯವಿದ್ದಂತಿತ್ತು, ನಾನೊಬ್ಬನೇ ಹೊಸಬ. ಎಂಟು ಹೊಡೆಯಿತು. ರಾತ್ರಿ ಪಾಳಿಯ ಹೆಂಗಸರು ಒಬ್ಬೊಬ್ಬರಾಗಿ ಹೊರಬಂದರು. ಎಲ್ಲರೂ ಗೇಟಿಗೆ ಬಂದ ಕೂಡಲೇ ತಲೆಯೆತ್ತಿ ತಮ್ಮವರನ್ನು ಹುಡುಕುತ್ತಿದ್ದರು. ಕಂಡ ತಕ್ಷಣ ಕೈಯಲ್ಲಿದ್ದ ಚೀಲವನ್ನು ದಾಟಿಸಿಬಿಡುತ್ತಿದ್ದರು.

ನನ್ನ ಹೆಂಡತಿ ಕೊನೆಗೆ ಬಂದಳು. ಎಡಗಾಲನ್ನು ಸ್ವಲ್ಪ ಎಳೆದು ನಡೆಯುತ್ತಾಳೆಂಬುದನ್ನು ಅವತ್ತೇ ನಾನು ನೋಡಿದ್ದು. ಕೈಯೆತ್ತಿದೆ. ಅವಳು ತಲೆ ತಗ್ಗಿಸಿಕೊಂಡು, ನನ್ನಿಂದ ಎರಡು ಮಾರು ದೂರದಲ್ಲಿ, ನನ್ನನ್ನು ದಾಟಿ ಹೋದಳು. ಮುನಿಸೇನೂ ಇರಲಿಲ್ಲ. ತಾನೇ ಕರೆದಿದ್ದರೂ, ಗೇಟಿನಲ್ಲಿ ಯಾರಾದರೂ ತನಗಾಗಿ ನಿಂತಿರಬಹುದೆಂದು ತಲೆಯೆತ್ತಿ ನೋಡುವ ರೂಢಿಯೇ ಅವಳಿಗಿರಲಿಲ್ಲ.